ಸಂಘದ ಕಿರ್ದಿ ಸಂಘದ ಕೈಲಿರಲಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಸೇವಾ ಸಹಕಾರಿ ಸಂಘಗಳ, ಮಾರಾಟ ಸಂಘಗಳ, ಸೌಹಾರ್ದ ಸಹಕಾರಿಗಳ ನಿರ್ದೇಶಕರಿಗೆ, ಸಿಬ್ಬಂದಿಗೆ ಮತ್ತು ಸದಸ್ಯ ಬಾಂಧವರಿಗೆ,



2024ರ ಜುಲೈ 31ರಂದು ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ವ್ಯವಸ್ಥೆ ಕೈಕೊಟ್ಟಿತು. ಅವುಗಳಲ್ಲಿ ಬಹುಪಾಲು ಸಹಕಾರಿ ಬ್ಯಾಂಕುಗಳು ಮತ್ತು ಗ್ರಾಮೀಣ ಬ್ಯಾಂಕುಗಳು. ಆ ಬ್ಯಾಂಕುಗಳ ತಿಜೋರಿಗೆ ಏನೂ ಆಗಿರಲಿಲ್ಲ, ಠೇವಣಿಯೂ ಕರಗಿರಲಿಲ್ಲ. ಅವೆಲ್ಲಕ್ಕೂ ತಂತ್ರಾಂಶ ಸೇವೆ ಕೊಡುತ್ತಿದ್ದ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಒಂದೇ ಕಂಪನಿಯ ವ್ಯವಸ್ಥೆಗೆ, ದತ್ತಾಂಶಕ್ಕೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ನುಗ್ಗಿತ್ತು. ರೋಗ ಉಳಿದವರಿಗೆ ಹಬ್ಬದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಆ ಕಂಪನಿಯನ್ನು ಪಾವತಿ ಜಾಲದಿಂದ ಕೆಲಕಾಲ ಹೊರಗಿಟ್ಟಿತು. ಕಂಪನಿ ಹೊರಗಾದಾಗ ಅದನ್ನು ನೆಚ್ಚಿದ್ದ ಬ್ಯಾಂಕುಗಳೂ ಹೊರಗಾದವು. ಯುಪಿಐ ನಿಂತಿತು, ಎಟಿಎಂ ನಿಂತಿತು. ಮರುದಿನ ಎಲ್ಲ ಸರಿಹೋಯಿತು, ಸುದ್ದಿಯೂ ತಣ್ಣಗಾಯಿತು. ಅದು ನಮ್ಮ ಮೂರು ತಾಲ್ಲೂಕುಗಳಲ್ಲಿ ತಣ್ಣಗಾಗಬಾರದಿತ್ತು ಎಂಬುದೇ ಈ ಪತ್ರ ಬರೆಯಲು ಕಾರಣ. ಇಲ್ಲಿನಷ್ಟು ದಟ್ಟವಾಗಿ ಸಹಕಾರಿ ಸಂಘಗಳನ್ನು ನಂಬಿ ಬದುಕುವ ಊರುಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಬೆಳೆಸಾಲ ಸಂಘದಿಂದ, ಗೊಬ್ಬರ ಸಂಘದಿಂದ, ಕಿರಾಣಿ ಸಂಘದಿಂದ. ಅಡಿಕೆ, ಕಾಳುಮೆಣಸು ಮಾರುವುದೂ ಸಂಘದ ವಖಾರಿಯಲ್ಲಿ. ಆಸಾಮಿ ಖಾತೆಯ ಒಂದು ಅಂಕಿ ತಪ್ಪಿದರೆ ಒಂದು ಮನೆಯ ವರ್ಷದ ಲೆಕ್ಕವೇ ತಪ್ಪುತ್ತದೆ.

ನಾನು ಹೇಳಬಯಸುವುದು ಇಷ್ಟು. ಸಂಘದ ಕಟ್ಟಡ, ಗೋದಾಮು, ತಕ್ಕಡಿ, ಲಾರಿ ಎಲ್ಲವೂ ಸದಸ್ಯರ ಶೇರು ಹಣದಿಂದ ಆದವು, ಸದಸ್ಯರವೇ ಆಗಿವೆ. ಇವೆಲ್ಲದರ ಲೆಕ್ಕ ಇಡುವ ತಂತ್ರಾಂಶ ಮಾತ್ರ ಬಹಳ ಕಡೆ ಸಂಘದ ಆಸ್ತಿಯಲ್ಲ, ವರ್ಷ ವರ್ಷ ಬಾಡಿಗೆ ಕಟ್ಟಿ ಬಳಸುವ ಪರರ ವಸ್ತು. ಆ ತಂತ್ರಾಂಶವೂ ಸದಸ್ಯರದ್ದಾಗಬೇಕು, ಅದಕ್ಕೆ ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಮುಕ್ತ ತಂತ್ರಾಂಶದ ದಾರಿ ಇದೆ. ಇಡೀ ತಂತ್ರಾಂಶ ಒಮ್ಮೆಗೇ ಆಗದಿದ್ದರೆ, ಅದರೊಳಗಿನ ದತ್ತಾಂಶವಾದರೂ ಯಾವ ದಿನ ಬೇಕಾದರೂ ಪೂರ್ತಿಯಾಗಿ, ಯಾರು ಬೇಕಾದರೂ ಓದಬಹುದಾದ ರೂಪದಲ್ಲಿ ಸಂಘದ ಕೈಗೆ ಬರುವಂತಿರಬೇಕು.

ಹಳೆಯ ರೋಜಕಿರ್ದಿ ಮತ್ತು ಖಾತಾವಣಿಯ ಕಾಲದಲ್ಲಿ ಈ ಪ್ರಶ್ನೆ ಏಳುವಂತೆಯೇ ಇರಲಿಲ್ಲ. ಪುಸ್ತಕ ಸಂಘದ ಕಪಾಟಿನಲ್ಲಿರುತ್ತಿತ್ತು. ಬರೆದ ಗುಮಾಸ್ತರು ನಿವೃತ್ತರಾದರೂ ಲೆಕ್ಕ ಬಲ್ಲ ಇನ್ನೊಬ್ಬರು ಅದನ್ನು ಓದಬಹುದಿತ್ತು, ಆಡಿಟರು ಬಂದು ಜಮಾ ಖರ್ಚು ತಾಳೆ ನೋಡಬಹುದಿತ್ತು. ಪುಸ್ತಕದ ಅಂಗಡಿಯವನಿಗೆ ಪ್ರತಿವರ್ಷ ಹಣ ಕೊಡದಿದ್ದರೆ ಪುಟ ತೆರೆಯುವುದಿಲ್ಲ ಎಂಬ ಷರತ್ತನ್ನು ಯಾರೂ ಒಪ್ಪುತ್ತಿರಲಿಲ್ಲ. ಮುಚ್ಚಿದ ತಂತ್ರಾಂಶದ ಕರಾರಿಗೆ ಸಹಿ ಹಾಕುವಾಗ ಅದೇ ಷರತ್ತನ್ನು ನಾವು ಓದದೆ ಒಪ್ಪುತ್ತೇವೆ. ಲೆಕ್ಕ ಒಂದು ಡೇಟಾಬೇಸಿನಲ್ಲಿ ಕೂತಿರುತ್ತದೆ. ಯಾವ ಕೋಷ್ಟಕದಲ್ಲಿ ಸಾಲದ ಅಸಲು, ಯಾವುದರಲ್ಲಿ ಬಡ್ಡಿ, ಯಾವ ಅಂಕಿ ಯಾವುದಕ್ಕೆ ಜೋಡಣೆ ಎಂಬುದು ತಯಾರಿಸಿದವರಿಗೆ ಮಾತ್ರ ಗೊತ್ತು. ವಾರ್ಷಿಕ ನಿರ್ವಹಣೆ ಶುಲ್ಕ ಏರಿದಾಗ ಬೇರೆಯವರ ಬಳಿ ಹೋಗೋಣವೆಂದು ಹೊರಟರೆ, ಹೆಚ್ಚಾಗಿ ಹೊಸ ವ್ಯವಸ್ಥೆಗೆ ದಾಟುವುದು ಆಖೈರು ಶಿಲ್ಕು ಮಾತ್ರ. ಹತ್ತು ವರ್ಷಗಳ ವಿಕ್ರಿ ವಿವರ, ಯಾವ ವರ್ಷ ಎಷ್ಟು ರಾಶಿ ಅಡಿಕೆ, ಎಷ್ಟು ಚಾಲಿ, ಯಾವ ತಿಂಗಳು ಯಾವ ದರ ಎಂಬ ಇತಿಹಾಸವೆಲ್ಲ ಹಳೆಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಹೀಗಾಗಿ ಸಂಘ ಬಿಟ್ಟುಹೋಗಲು ಹೆದರುತ್ತದೆ. ಆ ಹೆದರಿಕೆಗೇ ಪ್ರತಿವರ್ಷ ಬೆಲೆ ಕಟ್ಟಲಾಗುತ್ತದೆ.

ಅಂಕಿ ಯಾರ ಕೈಲಿದೆಯೋ ತೀರ್ಮಾನ ಅವರದ್ದು ಎಂಬುದು ನಮ್ಮ ಜಿಲ್ಲೆಯ ಅಡಿಕೆ ಬೆಳೆಗಾರರಿಗೆ ಹೊಸ ಪಾಠವಲ್ಲ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಕೊಳೆರೋಗದಿಂದ ಉದುರಿದ ಕಾಯಿ ಎಷ್ಟೆಂದು ಯಾರೂ ಎಣಿಸುವುದಿಲ್ಲ. ಗ್ರಾಮ ಪಂಚಾಯಿತಿಯ ಮಳೆಮಾಪಕ ತೋರಿಸಿದ ಅಂಕಿಯ ಮೇಲೆ ಪರಿಹಾರ ನಿರ್ಧಾರವಾಗುತ್ತದೆ. ಮಾಪಕ ಕೆಟ್ಟಿತ್ತು, ಅಂಕಿ ಸರಿಯಿಲ್ಲ ಎಂಬ ತಕರಾರು ಈಚಿನ ವರ್ಷಗಳಲ್ಲಿ ಎದ್ದಾಗ ಬೆಳೆಗಾರರು ತಿಂಗಳುಗಟ್ಟಲೆ ಕಚೇರಿ ಅಲೆಯಬೇಕಾಯಿತು. ತೋಟದಲ್ಲಿ ಮಳೆ ಸುರಿದದ್ದನ್ನು ಊರೆಲ್ಲ ಕಂಡಿದ್ದರೂ ಲೆಕ್ಕಕ್ಕೆ ಬರುವುದು ಬೇರೆಲ್ಲೋ ದಾಖಲಾದ ಅಂಕಿ. ಸಂಘದ ದತ್ತಾಂಶವೂ ಹೀಗೆ ಕೈಗೆ ಸಿಗದ ಜಾಗಕ್ಕೆ ಹೋಗಿ ಕೂತರೆ, ತಕರಾರು ಬಂದ ದಿನ ನಮ್ಮ ಕೈಲಿ ಉಳಿಯುವುದು ನೆನಪು ಮಾತ್ರ.

ಬೇರೆಯವರ ಸೇವೆಯನ್ನು ನೆಚ್ಚಿದ ದೊಡ್ಡವರ ಗತಿ ಏನಾಯಿತೆಂಬುದಕ್ಕೆ 2025ರ ಜುಲೈ ತಿಂಗಳ ಒಂದು ಘಟನೆ ಸಾಕು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ನಯಾರಾ ಎನರ್ಜಿ ಮೇಲೆ ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು. ಭಾರತದ ಕಾನೂನು ಏನೂ ಹೇಳಿರಲಿಲ್ಲ, ಬಾಕಿ ಹಣದ ತಕರಾರೂ ಇರಲಿಲ್ಲ ಎಂದು ಆ ಕಂಪನಿ ಹೇಳಿತು. ಆದರೂ ಮೈಕ್ರೋಸಾಫ್ಟ್ ಅದರ ಇಮೇಲ್ ಮತ್ತಿತರ ಸೇವೆಗಳನ್ನು ತಡೆಹಿಡಿಯಿತು. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು. ವಕೀಲರ ಪಡೆ ಇಟ್ಟುಕೊಂಡ ತೈಲ ಕಂಪನಿಗೆ ಕೆಲವೇ ದಿನಗಳಲ್ಲಿ ಪರಿಹಾರ ಸಿಕ್ಕಿತು. ಹೆಗ್ಗರಣಿಯ ಅಥವಾ ಮಂಚಿಕೇರಿಯ ಸಂಘಕ್ಕೆ ಅಂಥದೊಂದು ಅಡ್ಡಿ ಬಂದರೆ ಹೈಕೋರ್ಟಿಗೆ ಹೋಗುವವರು ಯಾರು? ನಮ್ಮ ಸಂಘಗಳ ಮೇಲೆ ಯಾರೂ ನಿರ್ಬಂಧ ಹೇರುವುದಿಲ್ಲ ನಿಜ. ಆದರೆ ತಂತ್ರಾಂಶ ಕಂಪನಿ ಮಾರಾಟವಾಗಬಹುದು, ಮುಚ್ಚಿಹೋಗಬಹುದು, ಈ ಉತ್ಪನ್ನ ಲಾಭದಾಯಕವಲ್ಲವೆಂದು ಕೈಬಿಡಬಹುದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ಕೆಲಸಕ್ಕೆ ಇನ್ನೂ ಗಟ್ಟಿಯಾಗಿರುವ ಎಷ್ಟೋ ಕಂಪ್ಯೂಟರುಗಳು ವಿಂಡೋಸ್ 11ರ ಷರತ್ತಿಗೆ ಹೊಂದುವುದಿಲ್ಲ. ಅವನ್ನು ಗುಜರಿಗೆ ಹಾಕಬೇಕೆಂದು ತೀರ್ಮಾನಿಸಿದ್ದು ಯಾವ ಸಂಘದ ಆಡಳಿತ ಮಂಡಳಿಯೂ ಅಲ್ಲ. ಅದೇ ಯಂತ್ರಗಳ ಮೇಲೆ ಉಬುಂಟು, ಲಿನಕ್ಸ್ ಮಿಂಟ್‌ನಂಥ ಮುಕ್ತ ವ್ಯವಸ್ಥೆಗಳು ಇನ್ನೂ ಹಲವು ವರ್ಷ ನಡೆಯುತ್ತವೆ.

ಇಲ್ಲಿ ನೀವು ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಕೆಟ್ಟರೆ ಯಾರನ್ನು ಕರೆಯುವುದು? ಓಪನ್ ಸೋರ್ಸ್ ಎಂದರೆ ಪುಕ್ಕಟೆ ಎಂದು ತಿಳಿದವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಪರವಾನಗಿಗೆ ಹಣ ಕೊಡಬೇಕಾಗಿಲ್ಲ. ಅಳವಡಿಸಲು, ತಿದ್ದಲು, ಕಾಯಲು ಜನ ಬೇಕು, ಆ ಜನಕ್ಕೆ ಸಂಬಳ ಬೇಕು. ವ್ಯತ್ಯಾಸವೆಂದರೆ ಆ ಸಂಬಳ ಯಾರಿಗೆ ಹೋಗಬೇಕೆಂದು ಆರಿಸುವವರು ನೀವು. ಒಬ್ಬರ ಕೆಲಸ ಸರಿಬರದಿದ್ದರೆ ಅದೇ ತಂತ್ರಾಂಶ, ಅದೇ ದತ್ತಾಂಶ ಇಟ್ಟುಕೊಂಡೇ ಇನ್ನೊಬ್ಬರನ್ನು ಕರೆಯಬಹುದು. 2020ರ ನಂತರ ಮನೆಯಿಂದಲೇ ಬೆಂಗಳೂರಿನ ಕೆಲಸ ಮಾಡಲು ಊರಿಗೆ ಬಂದ ಎಂಜಿನಿಯರುಗಳು ಮೂರೂ ತಾಲ್ಲೂಕುಗಳಲ್ಲಿದ್ದಾರೆ. ಅವರ ಕೈಗೆ ಸಂಘದ ಕೆಲಸ ಸಿಕ್ಕುವುದು ಬಾಗಿಲು ತೆರೆದಿದ್ದರೆ ಮಾತ್ರ. ಮುಚ್ಚಿದ ತಂತ್ರಾಂಶವಾದರೆ ಎಷ್ಟೇ ಜಾಣ ಎಂಜಿನಿಯರಾದರೂ ಕೌಂಟರಿನ ಹೊರಗೇ ನಿಲ್ಲಬೇಕು.

ಸಣ್ಣ ಸಂಸ್ಥೆಯೊಂದು ಈ ದಾರಿ ಹಿಡಿದು ಗೆದ್ದ ಕತೆಯನ್ನು ನಾವು ವಿವರವಾಗಿ ತಿಳಿಯಬೇಕು, ಏಕೆಂದರೆ ಅದು ನಮ್ಮಂಥದೇ ಗ್ರಾಮೀಣ ಸೀಮೆಯದು. ನ್ಯೂಜಿಲೆಂಡಿನ ಹೊರೊವೆನುವಾ ಜಿಲ್ಲೆಯ ಗ್ರಂಥಾಲಯ ಟ್ರಸ್ಟ್ ಬಳಸುತ್ತಿದ್ದ ಹಳೆಯ ತಂತ್ರಾಂಶ 2000ನೇ ಇಸವಿಯ ದಿನಾಂಕವನ್ನು ಅರಿಯದಾಗಿತ್ತು. ಅದನ್ನು ಬದಲಿಸಲೇಬೇಕಾಗಿ ಬಂದಾಗ ಟ್ರಸ್ಟ್ 1999ರಲ್ಲಿ ಕಟಿಪೋ ಎಂಬ ಕಂಪನಿಯಿಂದ ಹೊಸದೊಂದನ್ನು ಬರೆಸಿತು. ಅದರ ಹೆಸರು ಕೋಹಾ. ಬರೆಸಿದ್ದನ್ನು ತಮ್ಮೊಳಗೇ ಇಟ್ಟುಕೊಂಡರೆ ಮುಂದೆ ಅದನ್ನು ಕಾಯುವ ಭಾರವೆಲ್ಲ ತಮ್ಮದೇ ಆಗುತ್ತದೆ ಎಂದು ಯೋಚಿಸಿ ಸೋರ್ಸ್ ಕೋಡನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟರು. ಬೇರೆ ಗ್ರಂಥಾಲಯಗಳು ಬಳಸಿದವು, ತಿದ್ದಿದವು, ಬೇಕಾದ್ದನ್ನು ಸೇರಿಸಿದವು. ಇಂದು ಲೋಕದ ಸಾವಿರಾರು ಗ್ರಂಥಾಲಯಗಳು, ನಮ್ಮ ದೇಶದ ಎಷ್ಟೋ ವಿಶ್ವವಿದ್ಯಾಲಯಗಳೂ ಸೇರಿ, ಕೋಹಾದಲ್ಲಿ ಪುಸ್ತಕ ಕೊಡುತ್ತವೆ, ತೆಗೆದುಕೊಳ್ಳುತ್ತವೆ. ಹಣ ಹಾಕಿದ್ದು ಒಂದು ಗ್ರಾಮೀಣ ಟ್ರಸ್ಟ್. ತಿದ್ದುಪಡಿಗಳ ಫಲ ಅದಕ್ಕೂ ಮರಳಿ ಬಂದಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದಾಗ, 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ (ಟಿಎಸ್‌ಎಸ್) ಹುಟ್ಟಿದಾಗ ಅವುಗಳ ಹಿಂದಿದ್ದ ಆಲೋಚನೆ ಇದೇ ಅಲ್ಲವೆ? ಒಬ್ಬೊಬ್ಬರೇ ಹೊರಲಾಗದ ಭಾರವನ್ನು ಕೂಡಿ ಹೊರುವುದು, ಫಲವನ್ನು ಕೂಡಿ ಉಣ್ಣುವುದು. 'ಎಲ್ಲರದ್ದೂ ಆದದ್ದು ಯಾರದ್ದೂ ಅಲ್ಲ, ಅದನ್ನು ಯಾರೂ ನೋಡಿಕೊಳ್ಳುವುದಿಲ್ಲ' ಎಂದು ಓಪನ್ ಸೋರ್ಸ್ ಬಗ್ಗೆ ಹೇಳುವವರಿಗೆ ನೂರು ವರ್ಷ ದಾಟಿದ ಟಿಎಸ್‌ಎಸ್ ಮುಂದೆ ನಿಂತು ಆ ಮಾತು ಹೇಳುವುದು ಕಷ್ಟ.

ಹಣಕಾಸಿನ ಕ್ಷೇತ್ರದಲ್ಲೂ ಮುಕ್ತ ತಂತ್ರಾಂಶ ಹೊಸತಲ್ಲ. ಸಣ್ಣ ಸಾಲದ ಸಂಸ್ಥೆಗಳಿಗೆಂದೇ ಗ್ರಾಮೀಣ ಫೌಂಡೇಶನ್ ಆರಂಭಿಸಿದ ಮಿಫೋಸ್ ಅನ್ನು ಮೊದಮೊದಲಿಗೆ ಬಳಸಿದವರಲ್ಲಿ ನಮ್ಮ ಬೆಂಗಳೂರಿನ ಗ್ರಾಮೀಣ ಕೂಟವೂ ಇತ್ತು. ಅದರ ಮುಂದುವರಿದ ರೂಪ ಅಪಾಚೆ ಫಿನರಾಕ್ಟ್ ಹೆಸರಿನಲ್ಲಿ ಈಗಲೂ ಬೆಳೆಯುತ್ತಿದೆ. ಮುಂಬೈಯ ಫ್ರಾಪ್ಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ದಾಸ್ತಾನು, ಖರೀದಿ, ಮಾರಾಟ, ಲೆಕ್ಕಪತ್ರವನ್ನೆಲ್ಲ ನಿಭಾಯಿಸುತ್ತದೆ. ಒಂದು ಮಾರಾಟ ಸಂಘದ ವಖಾರಿ, ಕಿರಾಣಿ ವಿಭಾಗ, ಗೊಬ್ಬರದ ಮಳಿಗೆಗೆ ಬೇಕಾದ್ದರಲ್ಲಿ ಬಹಳಷ್ಟು ಅದರಲ್ಲಿದೆ. ಇಲ್ಲದ್ದು ನಮ್ಮ ಟೆಂಡರು ಪದ್ಧತಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ನಮ್ಮ ಅಡಿಕೆಯ ಬಗೆಗಳು, ಸಾಲದ ವಸೂಲಿಯನ್ನು ವಿಕ್ರಿ ಹಣಕ್ಕೆ ಜೋಡಿಸುವ ಕ್ರಮ. ಅದನ್ನು ಸೇರಿಸಬೇಕಾದವರು ನಾವು. ಒಮ್ಮೆ ಸೇರಿಸಿದರೆ ಮೂರೂ ತಾಲ್ಲೂಕಿನ ಎಲ್ಲ ಸಂಘಗಳಿಗೂ ಆಯಿತು, ಸಾಗರ, ತೀರ್ಥಹಳ್ಳಿಯವರಿಗೂ ಆಯಿತು. 2019ರಲ್ಲಿ ಶಿರಸಿ ಸುಪಾರಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಅದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರಕ್ಕೂ ಸೇರಿ ಸಿಕ್ಕ ಮಾನ್ಯತೆ. ಸರಕಿನ ಹೆಸರಿಗೆ ಒಂದಾದವರು ಅದರ ಲೆಕ್ಕಕ್ಕೂ ಒಂದಾಗಬಹುದು.

ಸುರಕ್ಷತೆಯ ಆಕ್ಷೇಪ ಇದಕ್ಕಿಂತ ತೂಕದ್ದು, ಅದನ್ನು ತೇಲಿಸಿ ಬಿಡುವ ಮನಸ್ಸು ನನಗಿಲ್ಲ. ಬೀಗದ ನಕ್ಷೆಯನ್ನೇ ಊರಿಗೆ ಹಂಚಿದರೆ ಕಳ್ಳನಿಗೆ ಸುಲಭವಲ್ಲವೆ ಎಂದು ಕೇಳುತ್ತಾರೆ. ಸಿ-ಎಡ್ಜ್ ಪ್ರಕರಣದಲ್ಲೇ, ದಾಳಿ ಶುರುವಾದದ್ದು ಪಾಲುದಾರ ಕಂಪನಿಯೊಂದರ ಜೆಂಕಿನ್ಸ್ ಸರ್ವರಿನ ಮೂಲಕ ಎಂದು ಸೈಬರ್ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್ ವರದಿ ಮಾಡಿತು. ಜೆಂಕಿನ್ಸ್ ಓಪನ್ ಸೋರ್ಸ್ ತಂತ್ರಾಂಶ. ನನ್ನ ವಾದಕ್ಕೆ ವಿರುದ್ಧ ಕಾಣುವ ಈ ಸಂಗತಿಯನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಆದರೆ ಅದೇ ವರದಿ ಬೊಟ್ಟು ಮಾಡಿದ ದೋಷಕ್ಕೆ ಜೆಂಕಿನ್ಸ್ ತಂಡ 2024ರ ಜನವರಿಯಲ್ಲೇ ಬಹಿರಂಗವಾಗಿ ತಿದ್ದುಪಡಿ ಕೊಟ್ಟಿತ್ತು. ದಾಳಿ ನಡೆದದ್ದು ಜುಲೈಯಲ್ಲಿ. ಆ ವರದಿ ಸರಿಯಾದರೆ, ಮದ್ದು ಬಂದು ಆರು ತಿಂಗಳಾದರೂ ಆ ಸರ್ವರಿಗೆ ಹಚ್ಚಿರಲಿಲ್ಲ. ಅದಕ್ಕಿಂತ ಕೆಡುಕು, ಅದನ್ನು ಹಚ್ಚಿದ್ದಾರೋ ಇಲ್ಲವೋ ಎಂದು ಆ 300 ಬ್ಯಾಂಕುಗಳು ತಾವಾಗಿ ನೋಡುವುದು ಸುಲಭವಿರಲಿಲ್ಲ. ಅದೇ ವರ್ಷದ ಮಾರ್ಚಿನಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಎಕ್ಸ್‌ಝೆಡ್ ಎಂಬ ಮುಕ್ತ ತಂತ್ರಾಂಶದೊಳಗೆ ವರ್ಷಗಟ್ಟಲೆ ನಂಬಿಕೆ ಗಳಿಸಿದ ಒಬ್ಬ ಕೊಡುಗೆದಾರ ಕಳ್ಳಬಾಗಿಲು ಇಟ್ಟಿದ್ದ. ಸರ್ವರಿಗೆ ಲಾಗಿನ್ ಆಗುವಾಗ ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಅನುಮಾನಪಟ್ಟ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಕೋಡ್ ಬಿಡಿಸಿ ನೋಡಿ ಅದನ್ನು ಹಿಡಿದ. ಕಳ್ಳತನ ನಡೆದದ್ದು ಮುಕ್ತ ವ್ಯವಸ್ಥೆಯಲ್ಲೇ, ಒಪ್ಪೋಣ. ಹಿಡಿಯಲು ಸಾಧ್ಯವಾದದ್ದು ಕೋಡ್ ತೆರೆದಿದ್ದುದರಿಂದ. ಮುಕ್ತವಾದದ್ದೆಲ್ಲ ತಾನಾಗಿಯೇ ಸುರಕ್ಷಿತವಾಗುವುದಿಲ್ಲ. ಕಾಯುವವರಿರಬೇಕು, ತಿದ್ದುಪಡಿ ಹಚ್ಚುವ ಶಿಸ್ತಿರಬೇಕು. ಅದಕ್ಕೇ ಸಂಘಗಳು ಕೂಡಿ ತಂತ್ರಜ್ಞರನ್ನು ಇಟ್ಟುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈಗ ಹಂತಹಂತವಾಗಿ ಜಾರಿಗೆ ಬರುತ್ತಿದೆ. ತಂತ್ರಾಂಶ ಕಂಪನಿಯ ಕೈಯಲ್ಲಿ ದತ್ತಾಂಶ ಸೋರಿದರೂ ಅದನ್ನು ಸಂಗ್ರಹಿಸಿದ ಸಂಸ್ಥೆಯೇ ಹೊಣೆ ಎಂಬುದು ಅದರ ನಿಲುವು. ಹೊಣೆ ನಿಮ್ಮದಾದ ಮೇಲೆ ಒಳಗೆ ನೋಡುವ ಹಕ್ಕೂ ನಿಮಗಿರಬೇಡವೆ?

'ಸರ್ಕಾರದ ತಂತ್ರಾಂಶವೇ ಬರುತ್ತಿದೆಯಲ್ಲ' ಎಂಬುದು ಇನ್ನೊಂದು ಮಾತು. 2022ರ ಜೂನಿನಲ್ಲಿ ಕೇಂದ್ರ ಸಂಪುಟ 63 ಸಾವಿರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ನಬಾರ್ಡ್ ಉಸ್ತುವಾರಿಯಲ್ಲಿ ದೇಶಕ್ಕೊಂದೇ ತಂತ್ರಾಂಶ. ಇದನ್ನು ನಾನು ವಿರೋಧಿಸುವುದಿಲ್ಲ. ಕೈಬರಹದ ಗೊಂದಲದಲ್ಲಿ ಮುಳುಗಿದ ಎಷ್ಟೋ ಸಂಘಗಳಿಗೆ ಇದು ವರ. ಆದರೆ ಯೋಜನೆ ಪತ್ತಿನ ಸಂಘಗಳಿಗೆ ಸೀಮಿತ. ಮಾರಾಟ ಸಂಘಗಳ, ಸೌಹಾರ್ದಗಳ ಆಯ್ಕೆ ಅವರವರದೇ. ಪತ್ತಿನ ಸಂಘಗಳಿಗೂ ಒಂದು ಮಾತು ಕೇಳುವ ಹಕ್ಕಿದೆ: ನಮ್ಮ ಸದಸ್ಯರ ಪೂರ್ತಿ ಖಾತೆಯ ಪ್ರತಿ ನಮ್ಮ ಸಂಘದ ಕಂಪ್ಯೂಟರಿನಲ್ಲೂ, ಮಾಮೂಲು ಕೋಷ್ಟಕದ ರೂಪದಲ್ಲಿ ನಮಗೆ ಬೇಕಾದಾಗ ಸಿಗುತ್ತದೆಯೆ? ಕೇಂದ್ರ ಸರ್ಕಾರವೇ 2010ರಲ್ಲಿ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನೂ 2015ರಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡುವ ನೀತಿಯನ್ನೂ ಪ್ರಕಟಿಸಿದೆ. ಅದನ್ನು ಆಧಾರವಾಗಿಟ್ಟು ಸಹಕಾರಿಗಳು ಕೇಳಿದರೆ ಅದು ಅಧಿಕಪ್ರಸಂಗವಾಗುವುದಿಲ್ಲ.

ಜೊತೆಗೆ ನಮ್ಮ ಸೀಮೆಯ ಮಳೆಗಾಲ. ದೂರದ ಸರ್ವರಿನಲ್ಲಿ ಮಾತ್ರ ನಡೆಯುವ ತಂತ್ರಾಂಶ, ಮರ ಬಿದ್ದು ತಂತಿ ಹರಿದ ದಿನ, ಕರೆಂಟಿಲ್ಲದೆ ಬಿಎಸ್‌ಎನ್‌ಎಲ್ ಟವರ್ ಮಲಗಿದ ದಿನ ತಾನೂ ಮಲಗುತ್ತದೆ. 2020ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಈ ಜಿಲ್ಲೆಯ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ್ದನ್ನು ಎಲ್ಲರೂ ನೋಡಿದ್ದೇವೆ. ಸೊಸೈಟಿಯ ಕೌಂಟರನ್ನು ಗುಡ್ಡದ ಮೇಲೆ ಇಡಲಾಗುವುದಿಲ್ಲ. ಸಂಪರ್ಕವಿಲ್ಲದಾಗ ಸಂಘದಲ್ಲೇ ಕೆಲಸ ಮಾಡಿ, ಸಂಪರ್ಕ ಬಂದಾಗ ತಾಳೆ ಹಾಕಿಕೊಳ್ಳುವ ವ್ಯವಸ್ಥೆ ಬೇಕು. ಮಹಾನಗರದಲ್ಲಿ ಕೂತು ಬರೆದವರಿಗೆ ಇದು ಹೊಳೆಯದಿರುವುದು ಸಹಜ. ಹೊಳೆದವರು ತಿದ್ದಲು ಕೋಡ್ ತೆರೆದಿರಬೇಕು.

ಕನ್ನಡದ ವಿಷಯದಲ್ಲಂತೂ ಮುಕ್ತ ತಂತ್ರಾಂಶದ ಋಣ ನಮ್ಮ ಮೇಲಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ವಾರ್ಷಿಕ ವರದಿಗಳು ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೆ ಸಿಗುವುದಿಲ್ಲ. ಅವನ್ನು ಯೂನಿಕೋಡಿಗೆ ತರಲು ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಕೊಟ್ಟ ಪರಿವರ್ತಕವಿದೆ. ನಾಲ್ಕು ದಶಕ ದುಡಿದು ವಿ. ಕೃಷ್ಣ ಅವರು ಕಟ್ಟಿದ ಅಲರ್ ಕನ್ನಡ–ಇಂಗ್ಲಿಷ್ ನಿಘಂಟಿನ ಪೂರ್ತಿ ದತ್ತಾಂಶ 2019ರಿಂದ ಯಾರು ಬೇಕಾದರೂ ಬಳಸುವಂತೆ ತೆರೆದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸ್ ಮೇಲೆ. ಮುಕ್ತ ತಂತ್ರಾಂಶದಿಂದ 3,000 ಕೋಟಿ ರೂಪಾಯಿ ಉಳಿತಾಯವೆಂದು 2019ರಲ್ಲಿ ಆ ಸಂಸ್ಥೆ ಅಂದಾಜಿಸಿತ್ತು. ಕಂಪ್ಯೂಟರು ವಿಂಡೋಸ್ ಆಗದಿದ್ದರೆ ಸಿಬ್ಬಂದಿಗೆ ಬಾರದು ಎನ್ನುವವರಿಗೆ ಅಲ್ಲಿನ ಹೈಸ್ಕೂಲು ಮಕ್ಕಳೇ ಉತ್ತರ.

ಈ ದಾರಿ ಹಿಡಿದು ಸೋತವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15 ಸಾವಿರ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ಆಡಳಿತ ಬದಲಾದಾಗ ಬೆಂಬಲ ಕುಂದಿತು, ಬೇರೆ ಇಲಾಖೆಗಳ ಕಡತಗಳೊಡನೆ ಹೊಂದಿಕೆಯ ತೊಡಕು ಉಳಿಯಿತು. ಇದರಿಂದ ನಾವು ಕಲಿಯಬೇಕಾದದ್ದು ಒಮ್ಮೆಗೇ ಎಲ್ಲವನ್ನೂ ಬದಲಿಸಲು ಹೊರಡಬಾರದು ಎಂಬುದನ್ನು. ಪತ್ರ ವ್ಯವಹಾರಕ್ಕೆ ಲಿಬ್ರೆ ಆಫೀಸ್, ಬೆಂಬಲ ಮುಗಿದ ಯಂತ್ರಗಳಿಗೆ ಲಿನಕ್ಸ್, ಕನ್ನಡಕ್ಕೆ ಯೂನಿಕೋಡ್ ಮಾತ್ರ, ಇಷ್ಟು ಈ ವರ್ಷವೇ ಆಗಬಹುದು. ಲೆಕ್ಕದ ತಂತ್ರಾಂಶವನ್ನು ಈಗಿನ ಕರಾರು ಮುಗಿಯುವಾಗ ಮುಟ್ಟಿದರೆ ಸಾಕು, ಅದೂ ಒಂದು ಸಂಘದ ಒಂದು ವಿಭಾಗದಲ್ಲಿ, ಹಳೆಯದರ ಜೊತೆಜೊತೆಗೆ ನಡೆಸಿ ತಾಳೆ ನೋಡಿದ ಮೇಲೆ.

ಅಷ್ಟರವರೆಗೆ ನಾನು ಕೇಳುವುದು ಕರಾರಿನ ಮಾತು. ಸೆಪ್ಟೆಂಬರಿನ ವಾರ್ಷಿಕ ಮಹಾಸಭೆಯಲ್ಲಿ ಶೇರು ಡಿವಿಡೆಂಡಿನ ಚರ್ಚೆಯ ಜೊತೆಗೆ ತಂತ್ರಾಂಶದ ಕರಾರನ್ನೂ ಸಭೆಯ ಮುಂದಿಡಿ. ವರ್ಷಕ್ಕೆ ಎಷ್ಟು ಕೊಡುತ್ತೇವೆ, ಕರಾರು ಯಾವಾಗ ಮುಗಿಯುತ್ತದೆ, ಬಿಟ್ಟುಹೋಗುವಾಗ ಪೂರ್ತಿ ದತ್ತಾಂಶ ಕೊಡುವ ಷರತ್ತಿದೆಯೆ, ಕಂಪನಿ ಮುಚ್ಚಿದರೆ ಸೋರ್ಸ್ ಕೋಡ್ ಸಂಘಕ್ಕೆ ಸಿಗುತ್ತದೆಯೆ ಎಂದು ಸದಸ್ಯರು ಕೇಳಲಿ. ಷರತ್ತು ಇಲ್ಲದಿದ್ದರೆ ನವೀಕರಣದ ದಿನ ಸೇರಿಸಿ. ಹಣ ಕೊಡುವವರು ನೀವಾದ್ದರಿಂದ ಆ ದಿನ ನಿಮ್ಮ ಮಾತು ನಡೆಯುತ್ತದೆ. ಮೂರು ತಾಲ್ಲೂಕಿನ ಮಾರಾಟ ಸಂಘಗಳು ತಲಾ ಒಬ್ಬ ನಿರ್ದೇಶಕರನ್ನು, ಒಬ್ಬ ಲೆಕ್ಕ ವಿಭಾಗದವರನ್ನು ಕಳಿಸಿ ಒಂದು ಜಂಟಿ ಸಮಿತಿ ಮಾಡಿಕೊಳ್ಳಲಿ. ಊರಿಗೆ ಮರಳಿದ ಎಂಜಿನಿಯರುಗಳಲ್ಲಿ ಇಬ್ಬರು ಮೂವರನ್ನು ಅದಕ್ಕೆ ಕರೆಯಲಿ. ಅಡಿಕೆ ಕೊಯ್ಲು ಶುರುವಾದರೆ ಯಾರಿಗೂ ಪುರಸೊತ್ತಿರುವುದಿಲ್ಲ, ಆದ್ದರಿಂದ ಮೊದಲ ಸಭೆ ದೀಪಾವಳಿಯ ಒಳಗೇ ಆಗಲಿ.

ಇಂತು ನಿಮ್ಮವ,
ಸಹಕಾರಿ ಸಂಘದ ಒಬ್ಬ ಶೇರು ಸದಸ್ಯ